ನದಿಯ ಬೆನ್ನು ಬಲ್ಲವಳು

ಮರದ ಮಿಲ್ಲಿನ ಕಟ್ಟೆ
ಫೆಬ್ರವರಿ 3

ಅಣ್ಣನಿಗೆ ಪುಟ್ಟಿಯ ನಮಸ್ಕಾರಗಳು.

ಇವತ್ತು ಅಷ್ಟಮಿ, ನನಗೆ ಉಪವಾಸ. ಬೆಳಗಿನ ಜಾವಕ್ಕೇ ಎದ್ದು ನದಿಯಲ್ಲಿ ಮುಳುಗು ಹಾಕಿ, ಒಲೆಯ ಬೂದಿ ಬಳಿದು, ದೋಣಿಯ ತಳದಲ್ಲಿ ಸೇರಿದ್ದ ನೀರನ್ನು ಹನ್ನೆರಡು ಬಕೆಟ್ ಎತ್ತಿ ಹೊರಗೆ ಚೆಲ್ಲಿ, ದೇವರಿಗೆ ದೀಪ ಹಚ್ಚಿದೆ. ಅತಿಥಿಗಳಿಗೆ ಚಹಾ ಕೊಟ್ಟಾಯಿತು, ಸೊಳ್ಳೆಪರದೆಗಳನ್ನು ಕೊಡವಿ ಒಣಹಾಕಿದ್ದಾಯಿತು. ಈಗ ಒಲೆಯ ಮೇಲೆ ಅನ್ನವಿದೆ. ಅದು ಬೇಯುವಷ್ಟರಲ್ಲಿ ಈ ಕಾಗದ ಮುಗಿಸಬೇಕು. ಸಾಮಾನು ದೋಣಿ ಪೇಟೆಗೆ ಹೊರಟು ನಿಂತಿದೆ.

ಮೊಣಕಾಲು ಹೇಗಿದೆ? ಹಾಸಿಗೆಯಿಂದ ಇಳಿಯಬೇಡ. ಕೆಳಗಿನ ಅಂಗಡಿಯಲ್ಲಿ ಮಗಳು ಹೊಲಿಗೆ ಯಂತ್ರ ತುಳಿದರೆ ನಿದ್ದೆ ಕೆಡುತ್ತದೆ ಎಂದು ಅವಳ ಮೇಲೆ ರೇಗಬೇಡ. ಆ ಯಂತ್ರವೇ ಈಗ ನಿನ್ನ ಮಾತ್ರೆ, ಮುಲಾಮು ಎಲ್ಲ.

ಅತಿಥಿಗಳನ್ನು ನೀನು ನೋಡಲಿಲ್ಲವಲ್ಲ, ಹೇಳುತ್ತೇನೆ. ನಾಲ್ಕೇ ಜನ. ಮೊದಲನೆಯವರು ಹೆಡ್ ಮೇಡಂ. ಶಾಲೆಯಿಂದ ನಿವೃತ್ತಿಯಾದರೂ ಶಾಲೆ ಅವರಿಂದ ನಿವೃತ್ತಿಯಾಗಿಲ್ಲ. ದೋಣಿ ಹತ್ತುವಾಗಲೆಲ್ಲ ನಮ್ಮೆಲ್ಲರ ಹಾಜರಿ ತೆಗೆದುಕೊಳ್ಳುತ್ತಾರೆ. ಎರಡನೆಯವರು ಹಲ್ಲಿನ ಡಾಕ್ಟರು. ನಿನ್ನೆ ದಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ದುರ್ಬೀನು ಹಿಡಿದು ನೋಡಿ, "ಒಂದೂ ಹುಳುಕಿಲ್ಲ ಕಣ್ರೀ!" ಎಂದು ಹೊಟ್ಟೆಕಿಚ್ಚು ಪಟ್ಟರು. ಅವರ ಹೆಂಡತಿಗೆ ಬಕೆಟ್ಟಿನ ನೀರು ಕಂಡರೂ ಭಯ. "ಹಾಗಾದ್ರೆ ನದಿಗೆ ಯಾಕೆ ಬಂದ್ರಿ?" ಎಂದು ಕೇಳಿದೆ. "ಹೆದರ್ಕೊಂಡು ಹೆದರ್ಕೊಂಡು ಸಾಕಾಯ್ತು ನೋಡಿ" ಎಂದರು. ನಾಲ್ಕನೆಯವರು ಹಕ್ಕಿಯವರು. ಮನುಷ್ಯರೊಡನೆ ಮಾತು ಕಡಿಮೆ, ಹಕ್ಕಿಗಳೊಡನೆ ಸಿಳ್ಳೆ ಜಾಸ್ತಿ.

ನೀನು ಗೊತ್ತುಮಾಡಿ ಕಳಿಸಿದ ಮೀಸೆ ಚುಕ್ಕಾಣಿ ಹಿಡಿದಿದ್ದಾನೆ. ಮೀಸೆ ತಿರುವಲು ಒಂದು ಕೈ ಬೇಕಾದ್ದರಿಂದ ಚುಕ್ಕಾಣಿಗೆ ಒಂದೇ ಕೈ ಉಳಿಯುತ್ತದೆ. ನಾನು ಎಂದಿನಂತೆ ಹಿಂಬದಿಯ ಒಲೆಯ ಮುಂದೆ, ಜನರಿಗೆ ಹೊಗೆ ತಾಗದಂತೆ ಮುಂಭಾಗಕ್ಕೆ ಬೆನ್ನು ಹಾಕಿ ಕುಳಿತಿದ್ದೇನೆ.

ಹೊಸ್ತಿಲು ಎಂದರೇನು ಎಂದು ಹೆಡ್ ಮೇಡಂ ಕೇಳಿದರು. ಹೇಳಿದೆ: "ಕಾಡಿನ ನದಿ ಹತ್ತಿ ಹೋಗಿ, ಅರಣ್ಯ ಚೌಕಿ ಹತ್ರ ಅಡ್ಡಗಾಲುವೆಗೆ ಇಳೀತೀವಿ. ಆಮೇಲೆ ಮೂರು ದಿನ ಜೌಗು. ಜೌಗಿನ ಕೊನೇಲಿ, ಸಮುದ್ರದ ಬಾಯಲ್ಲಿ, ಒಂದು ಕೆಸರಿನ ದಿಬ್ಬ ಅಡ್ಡ ಮಲಗಿದೆ. ಅದೇ ಹೊಸ್ತಿಲು. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಮಾತ್ರ ಉಬ್ಬರದ ನೀರು ಅದರ ಮೇಲೆ ಹತ್ತುತ್ತೆ. ಆಗ ದಾಟಿದ್ರೆ ಬಂದರು, ಇಲ್ಲಾಂದ್ರೆ ಹದಿನೈದು ದಿನ ಸೊಳ್ಳೆ ಜೊತೆ ಸಂಸಾರ."

ಹೊರಡುವಾಗ ನೀನು ಹೇಳಿದ್ದು ಮರೆತಿಲ್ಲ. "ಈ ತಂಡ ಹುಣ್ಣಿಮೆ ನೀರಿಗೆ ಹೊಸ್ತಿಲು ದಾಟಿದ್ರೆ ದೋಣಿ ಇಟ್ಕೋತೀನಿ. ಇಲ್ಲಾಂದ್ರೆ ಮಾರ್ತೀನಿ. ಕಾಲು ಹೋಯ್ತು, ದೋಣೀನೂ ಹೋಗ್ಲಿ" ಎಂದೆ. ಹುಣ್ಣಿಮೆ ಹತ್ತನೇ ತಾರೀಖು. ಹನ್ನೊಂದಕ್ಕೆ ನಾವು ಹೊಸ್ತಿಲ ಮೇಲಿರುತ್ತೇವೆ. ದೇವರಿದ್ದಾನೆ.

ಅನ್ನ ಉಕ್ಕಿತು.

ನಿನ್ನ ತಂಗಿ,
ಪುಟ್ಟಿ


ಪೇಟೆ
ಫೆಬ್ರವರಿ 4

ಪುಟ್ಟಿಗೆ ಆಶೀರ್ವಾದ.

ಕಾಲಿನ ವಿಷಯ ಬಿಡು. ಕಾಗದ ನೇರವಾಗಿ ಚೌಕಿಗೆ ಕಳಿಸುತ್ತಿದ್ದೇನೆ. ಕೆಳಗಿನದನ್ನು ಮೀಸೆಗೆ ಓದಿ ಹೇಳು.

ಚೌಕಿಯಿಂದ ಹೊರಟ ಮೇಲೆ ಅಡ್ಡಗಾಲುವೆಯ ಬಾಯಿ ಜೊಂಡಿನಲ್ಲಿ ಮುಚ್ಚಿರುತ್ತದೆ. ಜೊಂಡು ಬಾಗಿದ ಕಡೆ ನುಗ್ಗಬೇಕು, ನೆಟ್ಟಗೆ ನಿಂತ ಕಡೆ ಅಲ್ಲ. ಜೌಗಿನಲ್ಲಿ ಎಂಜಿನ್ನನ್ನು ಅರ್ಧಕ್ಕಿಂತ ಹೆಚ್ಚು ಓಡಿಸಕೂಡದು, ಪಾಚಿ ಸುತ್ತಿಕೊಳ್ಳುತ್ತದೆ. ಕೊನೆಗೆ ಐದು ಕವಲು ಬರುತ್ತದೆ. ಐದೂ ಒಂದೇ ಥರ ಕಾಣುತ್ತವೆ, ಒಂದು ಮಾತ್ರ ಹೊಸ್ತಿಲಿಗೆ ಹೋಗುತ್ತದೆ. ಅದು ಯಾವುದೆಂದು ಮೀಸೆಗೆ ಗೊತ್ತು. ಎರಡು ಸಲ ನನ್ನ ಜೊತೆ ಬಂದಿದ್ದಾನೆ. ಅದನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ.

ನೀನು ಒಲೆ ನೋಡಿಕೋ. ಚುಕ್ಕಾಣಿ ಹಿಡಿಯುವ ಹಳೇ ಹಟ ಈ ಸಲವಾದರೂ ಬೇಡ. ಹನ್ನೊಂದು ವರ್ಷ ಹೇಳಿ ನನ್ನ ಬಾಯಿ ಸವೆದಿದೆ.

ರೆಸಾರ್ಟಿನ ಯಜಮಾನರು ಬಂದಿದ್ದರು. ಹಣ್ಣು ತಂದಿದ್ದರು. ಸುಮ್ಮನೆ ನೋಡಿಕೊಂಡು ಹೋಗಲು.

ಅಣ್ಣ

ಅತ್ತೆ, ಇದು ನಾನು ಬರೆಯುತ್ತಿರುವುದು. ಅಪ್ಪ ನಿನ್ನೆ ನನ್ನ ಯಂತ್ರ ನಿಲ್ಲಲಿ ಎಂದು ಊರುಗೋಲಿನಿಂದ ನೆಲ ಕುಟ್ಟಿದರು. ಮೇಲಿನ ಗಾರೆ ಉದುರಿ ಗಿರಾಕಿಯ ರವಿಕೆ ಬಟ್ಟೆಯ ಮೇಲೆ ಬಿತ್ತು. ಬೇಗ ಬನ್ನಿ. ಇವರನ್ನು ನೀವೇ ನಿಭಾಯಿಸಬೇಕು.


ಅರಣ್ಯ ಚೌಕಿ
ಫೆಬ್ರವರಿ 6

ಅಣ್ಣನಿಗೆ ನಮಸ್ಕಾರ.

ಇವತ್ತು ಉಪವಾಸವಿಲ್ಲ. ನಿನ್ನೆ ಸಂಜೆ ಇಲ್ಲಿಗೆ ಬಂದೆವು. ಅತಿಥಿಗಳು ಚೌಕಿಯವರ ಜೊತೆ ಕಾಡಿನೊಳಗೆ ನಡೆದುಹೋಗಿದ್ದಾರೆ, ಎಂದಿನಂತೆ ಇಲ್ಲಿ ಎರಡು ದಿನ. ನಾನು ಪಾತ್ರೆ ತಿಕ್ಕಿ, ಡೀಸೆಲ್ ಸೋಸಿ, ಬರೆಯಲು ಕುಳಿತೆ. ಚೌಕಿಯವರ ಸ್ಪೀಡ್ ಬೋಟ್ ಇಳಿಯುತ್ತದೆ.

ನಿನ್ನ ಸೂಚನೆಗಳನ್ನು ಗಟ್ಟಿಯಾಗಿ ಎರಡು ಸಲ ಓದಿದೆ. ಚುಕ್ಕಾಣಿಯ ಹತ್ತಿರ ಇದ್ದವರಿಗೆಲ್ಲ ಕೇಳಿಸಿತು. ಮೀಸೆಯ ವಿಷಯದಲ್ಲಿ ನೀನು ಚಿಂತೆ ಮಾಡಬೇಡ. ಅವನಿಂದ ಈಗ ಯಾರಿಗೂ ಒಂದಿಷ್ಟೂ ತೊಂದರೆಯಿಲ್ಲ. ಅನ್ನವೂ ಮೊದಲಿಗಿಂತ ಕಡಿಮೆ ಸಾಕಾಗುತ್ತದೆ.

ಕಾಡು ಈ ಸಲ ಎಷ್ಟು ಚೆಂದ ಕಂಡಿತು ಅಂತೀಯಾ! ಮೇಲಿನ ಕೊಂಬೆಗಳು ಎರಡು ದಂಡೆಯಿಂದಲೂ ಬಾಗಿ ಕೈ ಹಿಡಿದುಕೊಂಡ ಹಾಗೆ, ಅವುಗಳ ಕೆಳಗೆ ನೀರು ಕಪ್ಪಗೆ, ಕನ್ನಡಿಯ ಹಾಗೆ. ತಿರುವಿನಾಚೆ ಏನಿದೆಯೋ ಎಂದು ಎದೆ ಹೊಡೆದುಕೊಳ್ಳುತ್ತದೆ, ಅಷ್ಟರಲ್ಲಿ ತಿರುವು ತೆರೆದು ನೀರುನಾಯಿಗಳ ಹಿಂಡು. ಆ ಬೋಳು ಮರ ಬಂತು ನೋಡು, ಅದಕ್ಕೆ ಮೂಗಿದೆ! ಉದ್ದ ಮೂಗು, ಕೆಳಗೆ ಬಾಯಿಯ ಹಾಗೆ ಪೊಟರೆ. ನೋಡಿ ನಗು ತಡೆಯಲಾಗಲಿಲ್ಲ.

ಅರ್ಧ ದಿನ ತಡವಾಯಿತು, ಅಷ್ಟೆ. ಅಂಗೈಯಲ್ಲಿ ಎರಡು ಬೊಕ್ಕೆ ಎದ್ದಿದ್ದವು, ಡಾಕ್ಟರು ಪಟ್ಟಿ ಕಟ್ಟಿದರು. ಹಲ್ಲು ಬಿಟ್ಟು ಬೇರೇನನ್ನಾದರೂ ಮುಟ್ಟಿ ಇಪ್ಪತ್ತು ವರ್ಷವಾಯಿತಂತೆ, ಬಹಳ ಖುಷಿಪಟ್ಟರು.

ರೆಸಾರ್ಟಿನವರು ಹಣ್ಣು ತಂದರೆ ತಿನ್ನು. ಆದರೆ ಅವರು ಸುಮ್ಮನೆ ಯಾರನ್ನೂ ನೋಡಿಕೊಂಡು ಹೋಗುವವರಲ್ಲ.

ಪುಟ್ಟಿ


ಪೇಟೆ
ಫೆಬ್ರವರಿ 7

ಪುಟ್ಟಿ,

ಆ ಬೋಳು ಮರದ ಮೂಗು ನಿನಗೆ ಹೇಗೆ ಕಂಡಿತು?

ನದಿ ಹತ್ತುವಾಗ ದೋಣಿಯ ಮುಂದೆ ನಿಂತವನಿಗೆ ಮಾತ್ರ ಆ ಮೂಗು ಕಾಣುತ್ತದೆ. ನಿನ್ನ ಒಲೆಯಿಂದ ಕಾಣುವುದು ಅದರ ಬೆನ್ನು. ಹನ್ನೊಂದು ವರ್ಷದಿಂದ ಅದಕ್ಕೆ ಗೂನು ಮುದುಕ ಎಂದು ಹೆಸರಿಟ್ಟು ಕರೆಯುತ್ತಿದ್ದವಳು ನೀನೇ. ತಿರುವಿನಾಚೆ ಏನಿದೆಯೋ ಎಂದು ಬರೆದಿದ್ದೀಯ. ತಿರುವು ಕಳೆದ ಮೇಲೆ ನೋಡುವವಳಿಗೆ ಆಚೆ ಏನಿದೆಯೆಂಬ ಯೋಚನೆ ಎಲ್ಲಿಂದ ಬರಬೇಕು? ಅಂಗೈ ಬೊಕ್ಕೆ ಸೌಟು ಹಿಡಿದು ಬಂದದ್ದಲ್ಲ.

ಮೀಸೆ ದೋಣಿಯಲ್ಲಿಲ್ಲ. ಚುಕ್ಕಾಣಿ ಹಿಡಿದವಳು ನೀನು.

ಕೇಳು. ನದಿ ಬೇರೆ, ಜೌಗು ಬೇರೆ. ನದಿಗೆ ಎರಡು ದಂಡೆ ಇವೆ, ಯಾವ ಪೆದ್ದನೂ ಹತ್ತಬಹುದು. ಜೌಗಿಗೆ ದಂಡೆ ಇಲ್ಲ. ಅಲ್ಲಿ ದಾರಿ ತಪ್ಪಿ ಇಳಿತಕ್ಕೆ ಸಿಕ್ಕಿದರೆ ದೋಣಿ ಕೆಸರಿನ ಮೇಲೆ ಕೂತುಬಿಡುತ್ತದೆ. ಕುಡಿಯುವ ನೀರು ನಾಲ್ಕು ದಿನಕ್ಕೆ ಮಾತ್ರ. ನೀನು ಚೌಕಿ ಬಿಟ್ಟು ಕದಲಬೇಡ. ರೆಸಾರ್ಟಿನವರು ತಮ್ಮ ಲಾಂಚು ಕಳಿಸುತ್ತಾರೆ. ಹತ್ತನೇ ತಾರೀಖಿನೊಳಗೆ ಬಂದು ಅತಿಥಿಗಳನ್ನು ಪೇಟೆಗೆ ಇಳಿಸುತ್ತಾರೆ, ನಮ್ಮ ದೋಣಿಯನ್ನೂ ಎಳೆದು ತರುತ್ತಾರೆ.

ಹಾಗಾದರೆ ದೋಣಿಯನ್ನು ಅವರಿಗೇ ಮಾರಬೇಕಾಗುತ್ತದೆ. ಆಗಲಿ. ಎಂಜಿನ್ ಕಿತ್ತು, ತಮ್ಮ ಕೆರೆಯಲ್ಲಿ ಕಟ್ಟಿಹಾಕಿ, ಮೇಲೆ ಮೇಜು ಕುರ್ಚಿ ಹಾಕುತ್ತಾರಂತೆ. ದೋಣಿ ಇನ್ನೊಂದು ಸಿಗುತ್ತದೆ. ತಂಗಿ ಸಿಗುವುದಿಲ್ಲ.

ಅಣ್ಣ


ಅರಣ್ಯ ಚೌಕಿ
ಫೆಬ್ರವರಿ 8, ಬೆಳಿಗ್ಗೆ

ಅಣ್ಣ,

ಕಾಗದ ಬಂತು. ಸಿಕ್ಕಿಬಿದ್ದೆ.

ಹಿಂದಿನ ಕಾಗದದಲ್ಲಿ ಸುಳ್ಳು ಒಂದೂ ಇರಲಿಲ್ಲ, ಬರೆದದ್ದೆಲ್ಲ ನಿಜ. ಬರೆಯದೆ ಬಿಟ್ಟದ್ದೇ ತಪ್ಪು. ಅದನ್ನು ಈಗ ಬರೆಯುತ್ತೇನೆ. ಮೀಸೆ ಚುಕ್ಕಾಣಿಯ ಕೆಳಗೆ ಹೆಂಡದ ಸೀಸೆ ಇಟ್ಟುಕೊಂಡಿದ್ದ. ಮೂರನೇ ತಾರೀಖು ಮಧ್ಯಾಹ್ನ ಬಂಡೆಗೆ ತಾಗಿಸುವುದರಲ್ಲಿದ್ದ. ಮಾರನೆಯ ಬೆಳಿಗ್ಗೆ ನಾನು ಆ ಸೀಸೆಯನ್ನು ನದಿಗೆ ಸುರಿದೆ. "ನನ್ ಸೀಸೆ ಮುಟ್ಟೋಕೆ ನೀನ್ಯಾರು, ಅಡುಗೆಯವಳು!" ಎಂದು ಕೂಗಾಡಿ, ಎದುರಿಗೆ ಬಂದ ಮರ ಸಾಗಿಸುವ ದೋಣಿ ಹತ್ತಿ ಹೊರಟುಹೋದ. ನನ್ನಿಂದಲೇ ಹೋದದ್ದು, ಅದಕ್ಕೇ ಬರೆಯಲು ಕೈ ಬರಲಿಲ್ಲ.

ಚುಕ್ಕಾಣಿ ನನಗೆ ಹೊಸದಲ್ಲ. ನೀನು ಊಟಕ್ಕೆ ಕೂತಾಗ ನೇರ ನೀರಿನಲ್ಲಿ ಹತ್ತು ನಿಮಿಷ ನನ್ನ ಕೈಗೆ ಕೊಡುತ್ತಿದ್ದೆ. ಹನ್ನೊಂದು ವರ್ಷದ ಊಟ ಎಷ್ಟಾಯಿತು, ಲೆಕ್ಕ ಹಾಕು. ನೀನು ನಿಧಾನವಾಗಿ ಅಗಿಯುವವನು.

ನಿನ್ನ ಕಾಗದವನ್ನು ಅತಿಥಿಗಳ ಮುಂದೆ ಪೂರ್ತಿ ಓದಿದೆ, ಒಂದಕ್ಷರ ಬಿಡದೆ. "ಲಾಂಚು ಬರುತ್ತೆ. ಕಾಯೋರು ಕಾಯಬಹುದು. ಜೌಗಿನ ದಾರಿ ನನಗೆ ಮುಂದಿನಿಂದ ಗೊತ್ತಿಲ್ಲ, ಅದನ್ನೂ ಹೇಳ್ಬಿಡ್ತೀನಿ" ಎಂದೆ.

ಹೆಡ್ ಮೇಡಂ ಕೇಳಿದರು: "ಹಿಂದಿನಿಂದ ಗೊತ್ತಾ?"

"ಹಿಂದಿನಿಂದ ನನಗಿಂತ ಚೆನ್ನಾಗಿ ಬಲ್ಲೋರು ಯಾರೂ ಇಲ್ಲ."

"ಹಾಗಾದ್ರೆ ಅರ್ಧ ಪಾಠ ಬಂದಿದೆ. ಅರ್ಧ ಬಂದ್ರೆ ಪಾಸ್."

ಡಾಕ್ಟರು ಹೆಂಡತಿಯ ಮುಖ ನೋಡಿದರು. ಆಕೆ ನೀರಿನ ಕ್ಯಾನನ್ನು ಎತ್ತಿಕೊಂಡು ಆಗಲೇ ದೋಣಿಯ ಕಡೆ ಹೊರಟಿದ್ದರು. "ಏನ್ರೀ ನೋಡ್ತಾ ನಿಂತ್ರಿ, ಇನ್ನೊಂದು ಕ್ಯಾನ್ ತನ್ನಿ." ಹಕ್ಕಿಯವರು ಬೂಟು ಹಾಕಿಕೊಂಡರು. ಚೌಕಿಯವರ ಹತ್ತಿರ ಬೇಡಿ ಇನ್ನೂ ಆರು ದಿನದ ನೀರು ತುಂಬಿಸಿಕೊಂಡಿದ್ದೇವೆ.

ನಿನ್ನ ಮಾತು ಮೀರುತ್ತಿರುವುದು ನನ್ನ ಬದುಕಿನಲ್ಲಿ ಇದೇ ಮೊದಲು. ಆಶೀರ್ವಾದ ಮಾಡುವುದಾದರೆ ಮಾಡು. ಬೈಯುವುದಾದರೆ ಬಂದರಿನ ಅಂಚೆ ಕಚೇರಿಗೆ ಬರೆ. ಅಲ್ಲಿ ಬಂದು ಬೈಸಿಕೊಳ್ಳುತ್ತೇನೆ.

ಪುಟ್ಟಿ


ಪೇಟೆ
ಫೆಬ್ರವರಿ 11

ಪುಟ್ಟಿ,

ಬಂದರಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಬರುವವರೆಗೆ ಅಲ್ಲಿ ಕಾಯಲಿ.

ಹುಣ್ಣಿಮೆ ನಿನ್ನೆಗೆ ಕಳೆಯಿತು. ಈ ಹೊತ್ತಿಗೆ ನೀನು ಹೊಸ್ತಿಲು ದಾಟಿರಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಉಬ್ಬರ ತುಂಬುತ್ತದೆ. ಒಂಬತ್ತಕ್ಕೆ ಮಗಳನ್ನು ಬಂದರಿಗೆ ಫೋನ್ ಮಾಡಲು ಕೆಳಗಿನ ಅಂಗಡಿಗೆ ಕಳಿಸಿದೆ. ಯಾವ ದೋಣಿಯೂ ಬಂದಿಲ್ಲ ಎಂದರು. ಹತ್ತಕ್ಕೆ ಕಳಿಸಿದೆ. ಹನ್ನೊಂದಕ್ಕೆ ಅವಳು ನಾನು ಹೇಳುವ ಮುನ್ನವೇ ಹೋದಳು.

ಐದು ಕವಲಿನಲ್ಲಿ ಯಾವುದೆಂದು ನಾನು ಬರೆಯಲಿಲ್ಲ. ಬರೆಯಲು ಬರುವುದಿಲ್ಲ ಎಂದೆ. ಅದು ಸುಳ್ಳು. ಅಲ್ಲಿ ನನಗೂ ಗುರುತಿಲ್ಲ. ನೀರಿನ ಬಣ್ಣ, ಗಾಳಿ, ಏನೋ ಒಂದು ನೋಡಿ ನುಗ್ಗುತ್ತೇನೆ. ಮೂವತ್ತು ವರ್ಷದಲ್ಲಿ ನಾಲ್ಕು ಸಲ ತಪ್ಪಿದ್ದೇನೆ. ತಪ್ಪಿದಾಗಲೆಲ್ಲ ಹಕ್ಕಿ ತೋರಿಸುತ್ತೇನೆ ಎಂದು ಅತಿಥಿಗಳಿಗೆ ಹೇಳಿ ತಿರುಗಿಸಿದ್ದೇನೆ. ಇನ್ನೊಬ್ಬರಿಗೆ ಕಲಿಸಲು ಹೋದರೆ ನನಗೆ ಗೊತ್ತಿಲ್ಲ ಎಂಬುದು ಗೊತ್ತಾಗುತ್ತದಲ್ಲ, ಅದಕ್ಕೇ ನಿನಗೆ ಚುಕ್ಕಾಣಿ ಕೊಡಲಿಲ್ಲ. ನೀನು ಹೆಣ್ಣು ಎಂದಲ್ಲ. ನೀನು ಕೇಳುವ ಪ್ರಶ್ನೆಗಳಿಗೆ ಹೆದರಿ.

ಇನ್ನೊಂದು. ರೆಸಾರ್ಟಿನವರು ನಾಲ್ಕನೇ ತಾರೀಖು ಬಂದಾಗಲೇ ನಾನು ಅರ್ಧ ಮಾತು ಕೊಟ್ಟಿದ್ದೆ. ನಿನಗೆ ಹೇಳಲಿಲ್ಲ. ಪೂರ್ತಿ ಮಾತಿಗೆ ಹದಿನಾರಕ್ಕೆ ಬರುತ್ತಾರೆ. ಇಲ್ಲಿನ ಡಾಕ್ಟರು ನನ್ನ ಕಾಲು ಇನ್ನು ಮಡಿಸಲು ಬರುವುದಿಲ್ಲ ಎಂದರು. ಚುಕ್ಕಾಣಿಯ ಮುಂದೆ ಇನ್ನು ನಿಲ್ಲಲಾರೆ. ಅದನ್ನೂ ನಿನಗೆ ಹೇಳಲಿಲ್ಲ.

ನೀನು ಸುರಕ್ಷಿತವಾಗಿ ಬಂದರೆ ದೋಣಿಯನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇನೆ. ಬೇಕೋ ಬೇಡವೋ ಉತ್ತರ ಹೇಳು.

ಅಣ್ಣ

ಅತ್ತೆ, ಇವತ್ತು ಹನ್ನೆರಡು. ಕಾಗದ ನಿನ್ನೆ ಅಂಚೆಗೆ ಹೋಗಲಿಲ್ಲ, ಈಗ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ನಾನು ಯಂತ್ರ ನಿಲ್ಲಿಸಿದ್ದೆ. "ಯಾಕೆ ನಿಲ್ಲಿಸ್ದೆ, ತುಳಿ. ಏನಾದ್ರೂ ಸದ್ದು ಇರ್ಲಿ" ಎಂದರು ಅಪ್ಪ.


ಬಂದರು
ಫೆಬ್ರವರಿ 13

ಅಣ್ಣನಿಗೆ ಪುಟ್ಟಿಯ ಸಾಷ್ಟಾಂಗ ನಮಸ್ಕಾರ.

ದಾಟಿದೆವು!

ನಿನ್ನೆ ಮಧ್ಯಾಹ್ನ ನಿನ್ನ ಮಗಳಿಗೆ ಫೋನ್ ಮಾಡಿ ಈ ಒಂದು ಮಾತು ಹೇಳಿದೆ, ಅಷ್ಟರಲ್ಲಿ ಅವಳು ಅಳುತ್ತ ಮೇಲಕ್ಕೆ ಓಡಿದಳು, ಉಳಿದದ್ದು ಹೇಳಲಾಗಲಿಲ್ಲ. ಈಗ ಸಾವಕಾಶವಾಗಿ ಬರೆಯುತ್ತೇನೆ. ಬೆಳಿಗ್ಗೆ ಎದ್ದು ದೋಣಿಗೆ ಅಂಟಿದ ಕೆಸರನ್ನು ತಿಕ್ಕಿ ತೊಳೆದೆ. ಎರಡು ಗಂಟೆ ಹಿಡಿಯಿತು. ಆಮೇಲೆ ದೇವರಿಗೆ ದೀಪ, ಆಮೇಲೆ ನಿನ್ನ ಕಾಗದ. ಮೂರು ಸಲ ಓದಿದೆ.

ಜೌಗಿನ ಮೊದಲ ದಿನ ಸುಗಮ. ಜೊಂಡು ಬಾಗಿದ ಕಡೆ ನುಗ್ಗಿದೆ, ಎಂಜಿನ್ ಅರ್ಧಕ್ಕೇ ಇಟ್ಟೆ. ತಿರುವು ದಾಟಿದಾಗಲೆಲ್ಲ ಒಮ್ಮೆ ಹೊರಳಿ ನೋಡುತ್ತಿದ್ದೆ. ಹಿಂದೆ ಕಂಡದ್ದು ನನ್ನ ಗುರುತಿನದಾದರೆ ದಾರಿ ಸರಿ. ನೋಡು, ನಾವು ಯಾವಾಗಲೂ ಇದೇ ದಿಕ್ಕಿಗೆ ಬಂದು, ಊರಿಗೆ ಸಮುದ್ರದ ಅಂಚಿನಲ್ಲಿ ಹೋಗುತ್ತೇವೆ. ಹಾಗಾಗಿ ಜೌಗು ಯಾವತ್ತೂ ನನ್ನ ಒಲೆಯಿಂದ ದೂರ ಸರಿಯುವುದನ್ನೇ ನೋಡಿದ್ದೇನೆ. ಎರಡನೇ ದಿನ ಮೋಡ ಕವಿದು ನೀರು ಆಕಾಶ ಒಂದೇ ಬಣ್ಣವಾಯಿತು. ಹಿಂದೆ ನೋಡಿದರೆ ಅಪರಿಚಿತ ಊರಿಗೆ ಬಂದ ಹಾಗೆ, ಒಂದೂ ಗುರುತಿಲ್ಲ. ತಪ್ಪಿದ್ದೇನೆ ಎಂದು ಗೊತ್ತಾಯಿತು. ಸುಮ್ಮನೆ ಒಪ್ಪಿಕೊಂಡು ಹಿಂದಕ್ಕೆ ಬಂದೆ. ಒಂದು ದಿನ ಪೂರ್ತಿ ಹೋಯಿತು. ಹತ್ತನೇ ತಾರೀಖು ಹುಣ್ಣಿಮೆಯ ಉಪವಾಸ ಅಲ್ಲೇ ಮುಗಿಸಿದೆ.

ಆ ತಪ್ಪು ದಾರಿಯಲ್ಲೇ ಹಕ್ಕಿಯವರಿಗೆ ಬೇಕಾದ ಹಕ್ಕಿ ಸಿಕ್ಕಿತು. ತೇಲುವ ಎಲೆಗಳ ಮೇಲೆ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ನಡೆಯುತ್ತಿತ್ತು. ಮರಿಗಳ ಕಾಲುಗಳು ಮಾತ್ರ ಹೊರಗೆ ಜೋತಾಡುತ್ತಿದ್ದವು. "ಅಮ್ಮಾ, ಇದಕ್ಕೋಸ್ಕರ ಹದಿನಾಲ್ಕು ವರ್ಷ ಅಲೆದಿದೀನಿ" ಎಂದರು. ನಾನೂ ನಿನ್ನ ಹಾಗೆ, "ತೋರಿಸೋಣ ಅಂತಲೇ ಬಂದೆ" ಎನ್ನಬಹುದಿತ್ತು. ಎನ್ನಲಿಲ್ಲ. "ದಾರಿ ತಪ್ಪಿದ್ದು ನಿಮ್ಮ ಪುಣ್ಯ" ಎಂದೆ.

ಹನ್ನೊಂದಕ್ಕೆ ಸಂಜೆ ಐದು ಕವಲು ಮುಟ್ಟಿದೆವು. ಅವತ್ತಿನ ನೀರು ತಪ್ಪಿತ್ತು. ಇನ್ನು ಉಳಿದದ್ದು ಹನ್ನೆರಡರ ಬೆಳಗಿನ ಉಬ್ಬರ ಒಂದೇ, ಹತ್ತು ಗಂಟೆಯ ಹೊತ್ತಿಗೆ. ಅದೂ ತಪ್ಪಿದರೆ ಮತ್ತೆ ಅಮಾವಾಸ್ಯೆ.

ಬೆಳಕು ಹರಿದ ಮೇಲೆ ನೋಡಿದೆ. ನಿಜ, ಐದೂ ಒಂದೇ. ಒಂದು ಗಂಟೆ ನಿಂತೆ. ಬಣ್ಣ ನೋಡಿದೆ, ಗಾಳಿ ನೋಡಿದೆ, ದೇವರನ್ನು ಕೇಳಿದೆ. ಅವನು ಉತ್ತರವನ್ನು ಹನ್ನೊಂದು ವರ್ಷದ ಹಿಂದೆಯೇ ಕೊಟ್ಟಿಟ್ಟಿದ್ದ. ನಾನು ಎಲ್ಲಿ ಕೂತು ನೋಡಿದ್ದೆನೋ ಅಲ್ಲಿಂದ ನೋಡುತ್ತಿರಲಿಲ್ಲ, ಅಷ್ಟೆ.

"ಮೇಡಂ, ಚುಕ್ಕಾಣಿ ಹಿಡೀರಿ" ಎಂದೆ.

"ನಾನಾ? ನಾನು ಸೈಕಲ್ಲೂ ಕಲಿತವಳಲ್ಲ!"

"ಮಕ್ಕಳ ಸಾಲು ನೇರ ನಿಲ್ಲಿಸ್ತಿದ್ರಲ್ಲ, ಹಾಗೇ ಇದನ್ನೂ ನೇರ ನಿಲ್ಲಿಸಿ. ಉಳಿದದ್ದು ನಾನು ಹೇಳ್ತೀನಿ."

ಹೋಗಿ ಒಲೆಯ ಮುಂದೆ ಕುಳಿತೆ. ಬೆನ್ನು ಮುಂದಕ್ಕೆ, ಮುಖ ಹಿಂದಕ್ಕೆ. ಒಲೆಗೆ ಬೆಂಕಿಯನ್ನೂ ಹಾಕಿದೆ. ಹೊಗೆಯಿಲ್ಲದೆ ಅಲ್ಲಿಂದ ಏನನ್ನೂ ನೋಡಿದವಳಲ್ಲ. "ಎಡಗಡೆ ಮೊದಲನೇದಕ್ಕೆ ನುಗ್ಗಿಸಿ" ಎಂದು ಕೂಗಿದೆ. ಐವತ್ತು ಮಾರು ಹೋದೆವು. ಹಿಂದೆ ಸರಿಯುತ್ತಿದ್ದ ಜಾಗ ನೋಡಿದೆ. ಗುರುತಿಲ್ಲ. "ಅಲ್ಲ, ವಾಪಸ್!" ಡಾಕ್ಟರು ಗಳ ಹಾಕಿ ಹಿಂದಕ್ಕೆ ನೂಕಿದರು. ಎರಡನೆಯದು. "ಇದೂ ಅಲ್ಲ!" ಡಾಕ್ಟರು ಬೆವೆತು, "ಅಮ್ಮಾ, ಪ್ರತಿ ಹಲ್ಲೂ ತಟ್ಟಿ ನೋಡಿದ ಹಾಗಾಯ್ತು" ಎಂದರು. ಮೂರನೆಯದು. ಹೋದೆವು, ಹೋದೆವು. ಆಗ, ಅಣ್ಣ, ಹಿಂದೆ ಎರಡು ಪೊದೆಗಳು ನಿಧಾನವಾಗಿ ಹತ್ತಿರ ಬಂದು ಬಾಗಿಲಿನ ಹಾಗೆ ಮುಚ್ಚಿಕೊಂಡವು. ಅವುಗಳ ಮೇಲೆ ದೂರದಲ್ಲಿ ಮೊಂಡು ಮರವೊಂದು ಇಣುಕಿತು. ಪ್ರತಿ ವರ್ಷ ಅಲ್ಲಿಗೆ ಬಂದಾಗ ನಾನು ಚಹಾಕ್ಕೆ ನೀರಿಡುತ್ತಿದ್ದೆ!

"ಇದೇ! ಇದೇ ಕಣ್ರೀ!" ಎಂದು ಸೌಟಿನಿಂದ ತಗಡು ಬಡಿದೆ. ಸಾವಿರಾರು ಬಿಳಿ ಕೊಕ್ಕರೆಗಳು ಜೊಂಡಿನಿಂದ ಎದ್ದವು. ಹಕ್ಕಿಯವರು ಬೈದರು, ನಗುತ್ತಲೇ.

ಚುಕ್ಕಾಣಿಯನ್ನು ಮತ್ತೆ ನಾನೇ ಹಿಡಿದೆ. ಹೊಸ್ತಿಲು ಮುಟ್ಟಿದಾಗ ಹತ್ತೂಕಾಲು. ನೀರು ತುಂಬಿ ನಿಂತಿತ್ತು, ಆದರೆ ನಿನ್ನ ಹನ್ನೊಂದರ ನೀರಿನಷ್ಟಲ್ಲ. ಅರ್ಧ ದಾಟಿ ದೋಣಿ ಕೆಸರಿಗೆ ಹೊಟ್ಟೆ ಹಚ್ಚಿತು. ಎಂಜಿನ್ ನಿಲ್ಲಿಸಿದೆ. ಇನ್ನು ಹತ್ತು ನಿಮಿಷಕ್ಕೆ ಇಳಿತ ಶುರು. ದೋಣಿ ಹಗುರವಾಗಬೇಕು, ನೂಕಲೂ ಬೇಕು. ನಾನು ಬಾಯಿ ತೆರೆಯುವ ಮೊದಲೇ ದೊಪ್ಪೆಂದು ಸದ್ದಾಯಿತು. ಮೊದಲು ಧುಮುಕಿದವರು ಯಾರು ಹೇಳು? ಡಾಕ್ಟರ ಹೆಂಡತಿ! ಎದೆಮಟ್ಟ ನೀರು, ಮೊಣಕಾಲುದ್ದ ಕೆಸರು. ಕಣ್ಣು ಮುಚ್ಚಿ ನಿಂತು ಕೂಗಿದರು: "ರೀ, ಇಳೀರಿ! ನಾನು ಸತ್ತಿಲ್ಲ, ನೀವೂ ಸಾಯಲ್ಲ!"

ಎಲ್ಲರೂ ಇಳಿದರು. ನೀರಿನ ಕ್ಯಾನುಗಳನ್ನು ಸುರಿದೆವು, ಸೌದೆ ಎಸೆದೆವು. ಹೆಡ್ ಮೇಡಂ "ಒಂದು, ಎರಡು, ಮೂರು" ಎಣಿಸಿದರು. ಮೂರಕ್ಕೆ ಎಲ್ಲರ ಭುಜ ಒಟ್ಟಿಗೆ. ಮೊದಲ ಸಲ ಕದಲಲಿಲ್ಲ. ಎರಡನೇ ಸಲ ಒಂದು ಗೇಣು. ಮೂರನೇ ಸಲಕ್ಕೆ ನಾನು ಎಂಜಿನ್ ಪೂರ್ತಿ ಕೊಟ್ಟೆ. ನೀನು ಯಾವತ್ತೂ ಕೊಡುತ್ತಿರಲಿಲ್ಲ, ಸುಟ್ಟುಹೋಗುತ್ತದೆ ಎನ್ನುತ್ತಿದ್ದೆ. ಕರೀ ಹೊಗೆ ಬಂತು, ಕೆಟ್ಟ ವಾಸನೆ ಬಂತು, ಕೆಸರು ಒಂದು ಸಲ ಮುಕ್ಕರಿಸಿ ಬಿಟ್ಟುಕೊಟ್ಟಿತು. ದೋಣಿ ಜಾರಿತು! ಮೂಗಿಗೆ ಉಪ್ಪು ಗಾಳಿ ಬಡಿಯಿತು. ನಾನು ಜೋರಾಗಿ ಕೂಗಿದೆನಂತೆ. ಏನು ಕೂಗಿದೆ ಎಂದು ಕೇಳಿದರೆ ಯಾರೂ ಹೇಳುತ್ತಿಲ್ಲ, ಬರೀ ನಗುತ್ತಾರೆ. ಮೇಡಂ ಅವರ ಒಂದು ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು. "ಇರ್ಲಿ ಬಿಡಿ, ನಾವು ಬಂದಿದ್ವಿ ಅನ್ನೋಕೆ ಸಾಕ್ಷಿ" ಎಂದರು. ಎಲ್ಲರನ್ನೂ ಮೇಲೆ ಎಳೆದುಕೊಂಡ ಮೇಲೆ ಹಾಜರಿ ಆಯಿತು. ಐದಕ್ಕೆ ಐದು.

ಬಂದರು ಕಚೇರಿಯಲ್ಲಿ ಗುಮಾಸ್ತರು ದೊಡ್ಡ ಪುಸ್ತಕ ತೆರೆದು, ತಲೆ ಎತ್ತದೆ, "ಚಾಲಕ ಎಲ್ಲಿ?" ಎಂದರು.

"ಇಲ್ಲೇ ನಿಂತಿದೀನಿ."

"ಅಮ್ಮಾ, ಅಡುಗೆಯವರ ಹೆಸರು ಆಮೇಲೆ ಬರ್ಕೋತೀನಿ. ದೋಣಿ ನಡೆಸಿದೋರನ್ನ ಕರೀರಿ."

ಹಿಂದಿನಿಂದ ಹೆಡ್ ಮೇಡಂ ಧ್ವನಿ ಬಂತು: "ರೀ ಸ್ವಾಮಿ, ತಲೆ ಎತ್ತಿ ನೋಡಿ ಮಾತಾಡಿ. ಎಂಜಿನ್ ಮಸಿ ಯಾರ ಮೈಮೇಲೆ ಜಾಸ್ತಿ ಇದೆಯೋ ಅವರೇ ಚಾಲಕರು." ಗುಮಾಸ್ತರು ತಲೆ ಎತ್ತಿದರು. ನಿಂತೂಬಿಟ್ಟರು, ಪಾಪ. ನನ್ನ ಹೆಸರು ಬರೆದುಕೊಂಡರು, ಆದರೆ ಎಚ್ಚರಿಕೆಯನ್ನೂ ಕೊಟ್ಟರು: ಈ ಸಲ ಆಪತ್ತಿನಲ್ಲಿ ನಡೆದದ್ದೆಂದು ಬಿಡುತ್ತಾರೆ, ಮುಂದಿನ ಸಲ ಪರವಾನಗಿ ಬೇಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಾಲಿನ ವಿಷಯ ಓದಿ ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ರೆಸಾರ್ಟಿನ ವಿಷಯ ಓದಿ ಸಿಟ್ಟು ಬಂತು, ಅದನ್ನೂ ಮುಚ್ಚಿಡುವುದಿಲ್ಲ. ಐದು ಕವಲು ನಿನಗೂ ಗೊತ್ತಿರಲಿಲ್ಲ ಎಂದು ಓದಿದಾಗ ಮಾತ್ರ ಕಚೇರಿಯ ಬೆಂಚಿನ ಮೇಲೆ ಕೂತು ಒಬ್ಬಳೇ ನಕ್ಕೆ. ಮೂವತ್ತು ವರ್ಷ ಎಷ್ಟು ಗತ್ತಿನಿಂದ ನುಗ್ಗುತ್ತಿದ್ದೆ ನೀನು!

ದೋಣಿ ನನ್ನ ಹೆಸರಿಗೆ ಬೇಡ. ನೀನು ಕಟ್ಟಿಸಿದ್ದು, ನೀನು ಇರುವ ತನಕ ನೀನೇ ಯಜಮಾನ. ನನಗೆ ಬೇಕಾಗಿದ್ದದ್ದು ಚುಕ್ಕಾಣಿ. ಅದನ್ನು ನೀನು ಕೊಡಲಿ ಎಂದು ಹನ್ನೊಂದು ವರ್ಷ ಕಾದೆ. ಈಗ ಕೊಡುವುದೇನೂ ಉಳಿದಿಲ್ಲ, ನಾನು ತೆಗೆದುಕೊಂಡಾಯಿತು. ಅತಿಥಿಗಳು ಮುಂದಿನ ವರ್ಷಕ್ಕೂ ಹೆಸರು ಬರೆಸಿದ್ದಾರೆ. ಡಾಕ್ಟರ ಹೆಂಡತಿ ತಮ್ಮ ಇಬ್ಬರು ಅಕ್ಕಂದಿರನ್ನೂ ಕರೆತರುತ್ತಾರಂತೆ. ಗಂಡನನ್ನು ಕರೆತರುವುದು ಇನ್ನೂ ನಿಶ್ಚಯವಾಗಿಲ್ಲವಂತೆ.

ಈ ಕಾಗದವನ್ನು ಹೆಡ್ ಮೇಡಂ ಬಸ್ಸಿನಲ್ಲಿ ತಂದು ನಿನ್ನ ಕೈಗೇ ಕೊಡುತ್ತಾರೆ. ನೆಟ್ಟಗೆ ಕೂತು ಮಾತಾಡು, ಅವರು ಗೂನು ಬೆನ್ನನ್ನು ಸಹಿಸುವುದಿಲ್ಲ. ಆದರೆ ನಿನಗೆ ನನ್ನ ನಿಜವಾದ ಉತ್ತರ ಈ ಕಾಗದದಲ್ಲಿಲ್ಲ. ಅದು ಬಂದರು ಕಚೇರಿಯ ಮೂರನೇ ಕಿಟಕಿಯಲ್ಲಿದೆ. ಪರವಾನಗಿಯ ಅರ್ಜಿ. ಚಾಲಕರು ಎಂದಿರುವ ಕಡೆ ನನ್ನ ಸಹಿ ಬಿದ್ದಿದೆ, ಮಾಲೀಕರು ಎಂದಿರುವ ಕಡೆ ನಿನ್ನ ಸಹಿಗೆ ಖಾಲಿಯಿದೆ. ಗುಮಾಸ್ತರು ಅದನ್ನು ಅಂಚೆಯಲ್ಲಿ ಕಳಿಸುವುದಿಲ್ಲವಂತೆ, ಮಾಲೀಕರ ಮನೆಯವರ ಕೈಗೇ ಕೊಡುತ್ತಾರಂತೆ. ಎಂಜಿನ್ ಬಿಚ್ಚಿ ಹರಡಿದ್ದೇನೆ, ನಾನು ಇಲ್ಲಿಂದ ಕದಲುವಂತಿಲ್ಲ. ರೆಸಾರ್ಟಿನವರು ಹದಿನಾರಕ್ಕೆ ಬರುತ್ತಾರೆ ಎಂದೆಯಲ್ಲ. ಅಷ್ಟರೊಳಗೆ, ಹದಿನೈದಕ್ಕೇ, ಅಂಗಡಿಗೆ ಬೀಗ ಹಾಕಿಸಿ ನಿನ್ನ ಮಗಳನ್ನು ಮೊದಲ ಬಸ್ಸಿಗೆ ಹತ್ತಿಸು. ನನ್ನ ಉತ್ತರವನ್ನು ತರಿಸಿಕೋ.

ಪುಟ್ಟಿ